ಕಸ ಅನ್ನೋ ಮುಂಚೆ

ಮೊದಲ ರಾತ್ರಿ ಲ್ಯಾಪ್‌ಟಾಪ್ ಪರದೆಯ ಮೇಲೆ ಬಂದದ್ದು ಇಷ್ಟು: ಒಂದೆರಡು ಖಾಲಿ ಚೌಕ, ಒಂದು ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ, ತಲೆ ಮೇಲೆ ಚುಕ್ಕಿ ಹೊತ್ತ ಯಾವುದೋ ಯುರೋಪಿನ ಅಕ್ಷರ, ಮತ್ತೆ ಚೌಕ. ಚಿಪ್‌ನಿಂದ ನಾನು ಕಳಿಸಿದ್ದು 'ನಮಸ್ಕಾರ' ಅಂತ, ಇಂಗ್ಲಿಷ್ ಲಿಪಿಯಲ್ಲಿ. ರಾತ್ರಿ ಹನ್ನೆರಡೂವರೆಗೆ ಟೇಬಲ್ ಮೇಲೆ ಎಲ್ಲವನ್ನೂ ಹಾಗೇ ಬಿಟ್ಟು, 'ಕಸ ಬರ್ತಾ ಇದೆ' ಅಂತ ಹೆಂಡತಿಗೆ ಹೇಳಿ ಮಲಗಿದೆ. ಆ 'ಕಸ' ಅನ್ನೋ ಪದದ ಮೇಲೆ ಇಷ್ಟು ಬರೆಯಬೇಕಾಗುತ್ತೆ ಅಂತ ಆಗ ಗೊತ್ತಿರಲಿಲ್ಲ.

ನನ್ನ ಹೊಟ್ಟೆಪಾಡು ಡೇಟಾ ಸೈನ್ಸ್. ಓದಿದ್ದು ಬೆಂಗಳೂರು, ಆಮೇಲೆ ಮಾಸ್ಟರ್ಸ್‌ಗೆ ಸ್ಕಾಟ್ಲೆಂಡ್, ಈಗ ಕೆಲವು ವರ್ಷಗಳಿಂದ ದೋಹಾ. ಇಷ್ಟು ವರ್ಷದಲ್ಲಿ ಕೋಟಿಗಟ್ಟಲೆ ಸಂಖ್ಯೆಗಳನ್ನ ಮುಟ್ಟಿದ್ದೀನಿ, ಒಂದೇ ಒಂದು ಸಂಖ್ಯೆಯನ್ನೂ ಅಳೆದಿಲ್ಲ. ಅವು ಯಾವಾಗಲೂ ಫೈಲ್ ಆಗಿಯೇ ನನ್ನ ಹತ್ತಿರ ಬರ್ತವೆ. ಹಾಲು ಪ್ಯಾಕೆಟ್‌ನಲ್ಲಿ ಹುಟ್ಟುತ್ತೆ ಅಂದುಕೊಳ್ಳೋ ಪೇಟೆ ಮಗುವಿಗೂ ನನಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಈ ಬೇಸಿಗೆಯಲ್ಲಿ, ಅಂದರೆ ಬಾಲ್ಕನಿಗೆ ಕಾಲಿಡೋಕೂ ಆಗದ ತಿಂಗಳುಗಳಲ್ಲಿ, ಆ ಬಾಲ್ಕನಿಯ ತಾಪಮಾನವನ್ನ ನಾನೇ ಅಳೀತೀನಿ ಅಂತ ಹಟ ಬಂತು. ರೆಡಿಮೇಡ್ ಬೋರ್ಡ್ ತಂದಿದ್ದರೆ ಅರ್ಧ ಗಂಟೆಯ ಕೆಲಸ. ಬುಡದಿಂದ ಕಲೀತೀನಿ ಅನ್ನೋ ಜಂಬಕ್ಕೆ ಬರಿ ಚಿಪ್ ತಂದೆ, ಎಟಿಮೆಗಾ 328ಪಿ. ಅರ್ಡುಯಿನೋ ಊನೋ ಬೋರ್ಡಿನ ಮೇಲೆ ಕೂತಿರುತ್ತಲ್ಲ, ಅದೇ.

ಚಿಪ್ ಲ್ಯಾಪ್‌ಟಾಪ್ ಜೊತೆ ಮಾತಾಡೋಕೆ ಇರೋ ಅತಿ ಹಳೆಯ, ಅತಿ ಸರಳ ದಾರಿ ಸೀರಿಯಲ್ ಸಂವಹನ. ಸರಳ ಅಂತ ಪುಸ್ತಕದವರು ಹೇಳ್ತಾರೆ. ಆಡೋಕೆ ಒಂದು ತಂತಿ, ಕೇಳೋಕೆ ಒಂದು ತಂತಿ. ಇಬ್ಬರಿಗೂ ಸೇರಿದ ಒಂದು ಗಡಿಯಾರ ಇರೋದಿಲ್ಲ. ಇಬ್ಬರೂ ಮೊದಲೇ ಒಂದು ವೇಗಕ್ಕೆ ಒಪ್ಪಿಕೊಂಡಿರಬೇಕು, ಅಷ್ಟೇ. ಆ ವೇಗಕ್ಕೆ ಬಾಡ್ ಅಂತ ಹೆಸರು, ಫ್ರಾನ್ಸಿನ ಟೆಲಿಗ್ರಾಫ್ ಇಂಜಿನಿಯರ್ ಎಮಿಲ್ ಬಾಡೋ ನೆನಪಿಗೆ. 9600 ಅಂತ ಒಪ್ಪಿಕೊಂಡರೆ ಒಂದೊಂದು ಬಿಟ್ ಸುಮಾರು 104 ಮೈಕ್ರೋಸೆಕೆಂಡ್ ಉಳಿಯುತ್ತೆ. ಮಾತಿಲ್ಲದಾಗ ತಂತಿ ಮೇಲ್ಮಟ್ಟದಲ್ಲಿರುತ್ತೆ. ಕೆಳಗೆ ಬಿದ್ದ ಕ್ಷಣ, ಶುರುವಾಯ್ತು ಅಂತ ಅರ್ಥ. ಅಲ್ಲಿಂದ ಕೇಳುವವನು ತನ್ನದೇ ಗಡಿಯಾರ ನೋಡಿಕೊಂಡು ಎಂಟು ಸಲ ತಂತಿಯನ್ನ ಇಣುಕಿ ನೋಡ್ತಾನೆ, ಕೊನೆಗೆ ಒಂದು ನಿಲುಗಡೆ. ಕಣ್ಣು ಮುಚ್ಚಿಕೊಂಡು ಇಬ್ಬರು ಒಂದೇ ತಾಳ ಹಾಕಿದ ಹಾಗೆ. ಇಬ್ಬರ ತಾಳ ಹತ್ತು ಪೆಟ್ಟಿನೊಳಗೆ ಅರ್ಧ ಪೆಟ್ಟಿನಷ್ಟು ಸರಿದರೂ ಮುಗೀತು. ಹಾಗಾಗಿ ಒಟ್ಟು ವ್ಯತ್ಯಾಸ ಪ್ರತಿಶತ 2 ದಾಟದಂತೆ ನೋಡಿಕೊಳ್ಳಿ ಅಂತ ಚಿಪ್‌ನ ಕೈಪಿಡಿ ಹೇಳುತ್ತೆ.

ಹೊಸಬರು ಮಾಡೋ ತಪ್ಪುಗಳನ್ನೆಲ್ಲ ನಾನು ಕ್ರಮವಾಗಿ ಮಾಡಿದೆ. ಚಿಪ್‌ನ ಟಿಎಕ್ಸ್ ಕಾಲನ್ನ ಅಡಾಪ್ಟರ್‌ನ ಟಿಎಕ್ಸ್‌ಗೇ ಕಟ್ಟಿದೆ. ಹೆಸರು ಒಂದೇ ಇದೆಯಲ್ಲ ಅಂತ! ಟಿಎಕ್ಸ್ ಅಂದರೆ ಬಾಯಿ. ಬಾಯಿಗೆ ಬಾಯಿ ಕಟ್ಟಿ ಇಬ್ಬರೂ ಮಾತಾಡಲಿ ಅಂತ ಕಾದೆ. ಅದು ತಿಳಿದ ಮೇಲೆ ಗ್ರೌಂಡ್ ತಂತಿ ಮರೆತೆ. ಇದು ಇನ್ನೂ ವಿಚಿತ್ರ. ಮೇಲು ಯಾವುದು ಕೆಳಗು ಯಾವುದು ಅನ್ನೋಕೆ ಇಬ್ಬರಿಗೂ ಒಂದೇ ನೆಲ ಬೇಕು; ಆ ನೆಲ ಇಲ್ಲದಿದ್ದರೆ ಯಾರೂ ಮಾತಾಡದೆಯೂ ಪರದೆ ಮೇಲೆ ಅಕ್ಷರ ಬೀಳ್ತವೆ. ತಂತಿ ಗಾಳಿಯಲ್ಲಿರೋ ಗದ್ದಲವನ್ನೇ ಹಿಡಿಯುತ್ತೆ. ನಾನು ಚಿಪ್‌ನ ವಿದ್ಯುತ್ ಕಿತ್ತ ಮೇಲೂ ಒಂದು 'ಕೆ' ಬಂತು. ಹತ್ತು ನಿಮಿಷ ಆ 'ಕೆ'ಯ ಅರ್ಥ ಹುಡುಕ್ತಾ ಕೂತಿದ್ದೆ. ಈ 'ಕೆ' ನೆನಪಿರಲಿ, ಮುಂದೆ ಬೇಕಾಗುತ್ತೆ.

ಎಲ್ಲ ತಂತಿ ಸರಿಯಾದ ಮೇಲೂ ಚೌಕಗಳು ನಿಲ್ಲಲಿಲ್ಲ. ಚಿಪ್ ಕೆಟ್ಟಿದೆ ಅಂತ ಇನ್ನೊಂದು ತಂದೆ. ಅದೂ ಅದೇ ಕಸ. ಅಂಗಡಿಯವನು ನಕಲಿ ಮಾಲು ಕೊಟ್ಟಿದ್ದಾನೆ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಪಾಪ.

ಶುಕ್ರವಾರ ಮನೆಗೆ ಬಂದವರು ಕುಂದಾಪುರದ ಕಡೆಯ ಅಣ್ಣ. ನಮಗೆಲ್ಲ ಅಣ್ಣ, ಸಂಬಂಧ ಏನೂ ಇಲ್ಲ. ರಾಸ್ ಲಫಾನ್ ಕಡೆ ಇನ್‌ಸ್ಟ್ರುಮೆಂಟೇಷನ್ ಟೆಕ್ನಿಶಿಯನ್, ಐಟಿಐ ಓದು, ಗಲ್ಫಿನಲ್ಲಿ ಇಪ್ಪತ್ತು ವರ್ಷ. ನಾನು ಫೈಲ್ ಆಗಿ ನೋಡೋದನ್ನ ಅವರು ಕೊಳವೆಯ ಮೇಲೆ ಮುಟ್ಟಿ ನೋಡೋರು. ಕಾಫಿ ಕುಡೀತಾ ಪರದೆ ನೋಡಿದರು.

"ಕಸ ಬರ್ತಾ ಇದೆ ಅಣ್ಣ, ಎರಡು ಚಿಪ್ ಹಾಳಾಯ್ತು."

"ಹಾಳಾಗ್ಲಿಲ್ಲ ಮಾರಾಯ್ರೆ. ಅದು ಸರಿಯಾಗೇ ಹೇಳ್ತಾ ಉಂಟು, ನಿಮಗೆ ಕೇಳ್ಲಿಕ್ಕೆ ಬರುದಿಲ್ಲ, ಅಷ್ಟೇ. ಒಂದು ಎಲ್ಇಡಿ ಹಾಕಿ. ಸೆಕೆಂಡಿಗೊಮ್ಮೆ ಮಿಣುಕು ಅಂತ ಹೇಳಿ. ಅದು ಎಷ್ಟಕ್ಕೆ ಮಿಣುಕ್ತದೆ ನೋಡಿ."

ಹಾಕಿದೆ. ಬೆಳಗಿತು. ಒಂದು ಸೆಕೆಂಡ್ ಆಯ್ತು, ಎರಡಾಯ್ತು, ಅಣ್ಣ ಕಾಫಿ ಮುಗಿಸಿ ಲೋಟ ಇಟ್ಟರು, ಆಗ ಆರಿತು. ಎಣಿಸಿದೆವು, 16 ಸೆಕೆಂಡ್.

ವಿಷಯ ಇಷ್ಟೇ. ಕೋಡಿನ ಮೊದಲ ಸಾಲಿನಲ್ಲಿ ಚಿಪ್‌ನ ವೇಗ 16 ಮೆಗಾಹರ್ಟ್ಸ್ ಅಂತ ನಾನು ಬರೆದಿದ್ದೆ. ಬರೆದರೆ ಚಿಪ್ ಆ ವೇಗಕ್ಕೆ ಹೋಗುತ್ತೆ ಅಂದುಕೊಂಡಿದ್ದೆ. ಆದರೆ ಆ ಸಾಲು ಚಿಪ್‌ಗೆ ಕೊಟ್ಟ ಆಜ್ಞೆ ಅಲ್ಲ, ಚಿಪ್ ಬಗ್ಗೆ ನನಗಿರೋ ನಂಬಿಕೆಯ ಹೇಳಿಕೆ. ಕಾರ್ಖಾನೆಯಿಂದ ಬರೋ ಈ ಚಿಪ್ ತನ್ನೊಳಗಿನ 8 ಮೆಗಾಹರ್ಟ್ಸ್ ಗಡಿಯಾರವನ್ನ ಎಂಟರಿಂದ ಭಾಗಿಸಿಕೊಂಡು 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತೆ. ನನ್ನ ನಂಬಿಕೆಯ ಪ್ರಕಾರ ಅದು 9600ರಲ್ಲಿ ಮಾತಾಡ್ತಿತ್ತು, ನಿಜದಲ್ಲಿ ಅದರ ಹದಿನಾರನೇ ಒಂದು ಭಾಗದಲ್ಲಿ. ಅಣ್ಣ ಟರ್ಮಿನಲ್‌ನಲ್ಲಿ 9600 ಅಳಿಸಿ 600 ಹಾಕಿದರು. ನಮಸ್ಕಾರ, ನಮಸ್ಕಾರ, ನಮಸ್ಕಾರ. ಸಾಲು ಸಾಲಾಗಿ ಬಂತು. ಮೂರು ದಿನದಿಂದ ಅದು ಅದನ್ನೇ ಹೇಳ್ತಾ ಇತ್ತು.

ನಾಚಿಕೆ ಆಯ್ತು, ನಿಜ. ಆದರೆ ನಾಚಿಕೆ ಬೇಗ ಮರೆಯುತ್ತೆ. ಅವರು ಹೋದ ಮೇಲೆ ಕೋಡಿನಲ್ಲಿ ವೇಗ 1 ಮೆಗಾಹರ್ಟ್ಸ್ ಅಂತ ತಿದ್ದಿ ಮತ್ತೆ 9600ಕ್ಕೆ ಹೋದೆ, ಮತ್ತೆ ಚೌಕ. ಅಷ್ಟು ನಿಧಾನದ ಗಡಿಯಾರವನ್ನ ಪೂರ್ಣ ಸಂಖ್ಯೆಯಿಂದ ಭಾಗಿಸಿ 9600ಕ್ಕೆ ಹತ್ತಿರ ಹೋದರೆ, ನನ್ನ ಕೋಡಿನ ರೀತಿಯಲ್ಲಿ ಸಿಗೋದು ಸುಮಾರು 8929, ಪ್ರತಿಶತ 7ರಷ್ಟು ಕಡಿಮೆ. ಕೈಪಿಡಿಯ ಕೋಷ್ಟಕದಲ್ಲಿ ಅದು ಸ್ಪಷ್ಟವಾಗಿ ಅಚ್ಚಾಗಿದೆ. ಓದಿರಲಿಲ್ಲ. ಭಾಗಾಕಾರ ತೆಗೆದುಹಾಕಿ 8 ಮೆಗಾಹರ್ಟ್ಸ್ ಮಾಡಿಕೊಂಡೆ, ಕೆಲಸ ಆಯ್ತು. ಎಸಿ ಇರೋ ರೂಮಿನಲ್ಲಿ ಎರಡು ದಿನ ಚೆನ್ನಾಗಿ ನಡೀತು. ಬಾಲ್ಕನಿಗೆ ಇಟ್ಟ ಮಧ್ಯಾಹ್ನ ಅಕ್ಷರಗಳು ಅಲ್ಲೊಂದು ಇಲ್ಲೊಂದು ಹಾಳಾಗೋಕೆ ಶುರುವಾದವು. ಚಿಪ್‌ನೊಳಗಿನ ಆ ಗಡಿಯಾರ ಬಿಸಿಗೆ ಸರಿಯುತ್ತೆ, ಮೊದಲೇ ಇದ್ದ ಅಲ್ಪಸ್ವಲ್ಪ ವ್ಯತ್ಯಾಸಕ್ಕೆ ಇದೂ ಸೇರಿ ಗಡಿ ದಾಟಿತ್ತು. ರೂಮಿನಲ್ಲಿ ಕೂತು ಕೇಳುವವನ ತಾಳ ಬೇರೆ, ಬಿಸಿಲಲ್ಲಿ ನಿಂತು ಹೇಳುವವನ ತಾಳ ಬೇರೆ. ಕೊನೆಗೆ ಹೊರಗಿನಿಂದ ಒಂದು ಕ್ವಾರ್ಟ್ಜ್ ಹರಳು ಕೂರಿಸಿದ ಮೇಲೆ ನಿಂತಿತು.

ಇದಿಷ್ಟೇ ಆಗಿದ್ದರೆ ನಿಮ್ಮ ಸಮಯ ತಗೊಳ್ತಾ ಇರಲಿಲ್ಲ. ಆಮೇಲೆ ಸೆನ್ಸರ್ ಕಟ್ಟಿದೆ.

ಸೆನ್ಸರ್ ಡಿಎಸ್18ಬಿ20. ಅಗ್ಗದ್ದು, ಗಟ್ಟಿ, ಎಲ್ಲ ಕಡೆ ಸಿಗುತ್ತೆ. ವಿದ್ಯುತ್ ಕೊಟ್ಟೆ. ಪರದೆ ಮೇಲೆ ಬಂದ ಮೊದಲ ತಾಪಮಾನ 85.00. ಮುಂದಿನದು 25.3. ಮತ್ತೆ ಕಿತ್ತು ಹಾಕಿದೆ, 85.00, ಆಮೇಲೆ 25.3. ಕೈಪಿಡಿ ಓದಿದೆ, ಈ ಸಲ ಪೂರ್ತಿ. ಈ ಸೆನ್ಸರ್ ಎಚ್ಚರವಾದಾಗ ಅದರ ನೆನಪಿನಲ್ಲಿ ಇರೋ ಸಂಖ್ಯೆಯೇ 85. ಅಳತೆ ಮುಗಿಯೋಕೆ ಮುಂಚೆ ಕೇಳಿದರೆ ಅದನ್ನೇ ಹೇಳುತ್ತೆ. ಅದು ತಾಪಮಾನವೇ ಅಲ್ಲ. 'ಈಗ ತಾನೇ ಎದ್ದೆ, ಇನ್ನೂ ಅಳೆದಿಲ್ಲ' ಅನ್ನೋ ಮಾತು. ಸಂದೇಶ ದಾರಿಯಲ್ಲಿ ಕೆಟ್ಟಿಲ್ಲ ಅಂತ ಪರೀಕ್ಷಿಸೋಕೆ ಇರುವ ಮುದ್ರೆಯೂ ಅದರ ಜೊತೆ ಸರಿಯಾಗಿಯೇ ಬರುತ್ತೆ.

ಆ 85 ನೋಡಿ ನಾನು ಸುಮ್ಮನೆ ಕೂತುಬಿಟ್ಟೆ. ಅದನ್ನ ನಾನು ಮೊದಲೇ ನೋಡಿದ್ದೆ.

ಕೆಲವು ವರ್ಷದ ಹಿಂದೆ, ಬೇರೆ ಕೆಲಸದಲ್ಲಿದ್ದಾಗ, ಒಂದು ಪ್ರಾಜೆಕ್ಟ್ ಬಂದಿತ್ತು. ಕಟ್ಟಡ ಕೆಲಸದ ಜಾಗಗಳಲ್ಲಿ ಕೆಲಸಗಾರರು ವಿಶ್ರಾಂತಿ ತಗೊಳ್ಳೋ ಶೆಡ್‌ಗಳ ಒಳಗಿನ ತಾಪಮಾನ, ಹತ್ತು ನಿಮಿಷಕ್ಕೊಂದು ಸಲ. ಕತಾರ್‌ನಲ್ಲಿ 2021ರ ಆದೇಶದ ಪ್ರಕಾರ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸ ನಿಷೇಧ. ಬಿಸಿಲು, ಆರ್ದ್ರತೆ, ಗಾಳಿ ಎಲ್ಲ ಸೇರಿಸಿ ಲೆಕ್ಕ ಹಾಕೋ ಡಬ್ಲ್ಯುಬಿಜಿಟಿ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಾದರೂ ಕೆಲಸ ನಿಲ್ಲಬೇಕು. ಒಳ್ಳೆಯ ನಿಯಮ. ಆದರೆ ಕೆಲಸ ನಿಂತ ಹೊತ್ತಿನಲ್ಲಿ ಜನ ಎಲ್ಲಿ ಕೂರ್ತಾರೆ, ಆ ಜಾಗ ಎಷ್ಟು ಬಿಸಿ ಇರುತ್ತೆ ಅನ್ನೋದು ಬೇರೆ ಪ್ರಶ್ನೆ. ಅದಕ್ಕೇ ಆ ಡೇಟಾ.

ಫೈಲ್‌ನಲ್ಲಿ ಅಲ್ಲಲ್ಲಿ 85 ಇತ್ತು. ಶೆಡ್ ಒಳಗೆ 85 ಡಿಗ್ರಿ ಇರೋಕೆ ಸಾಧ್ಯವೇ ಇಲ್ಲ ತಾನೇ? 60ಕ್ಕಿಂತ ಮೇಲಿನದನ್ನೆಲ್ಲ ತೆಗೆ ಅಂತ ಒಂದು ಸಾಲು ಬರೆದೆ. 85ರ ಹಿಂದೆ ಒಂದೊಂದು ಸಲ ಎರಡು ಮೂರು ಗಂಟೆ ಏನೂ ಇರ್ತಾ ಇರಲಿಲ್ಲ, ಬರಿ ಖಾಲಿ. ಆ ಖಾಲಿಯ ಈಚೆ ತುದಿಗೂ ಆಚೆ ತುದಿಗೂ ನೇರ ಗೆರೆ ಎಳೆದು ತುಂಬಿಸು ಅಂತ ಇನ್ನೊಂದು ಸಾಲು. ನಮ್ಮ ವೃತ್ತಿಯಲ್ಲಿ ಇದಕ್ಕೆ ಕ್ಲೀನಿಂಗ್ ಅಂತಾರೆ. ಎರಡು ಸಾಲು, ಐದು ನಿಮಿಷ. ಸ್ಲೈಡ್ ಮೇಲೆ ಒಂದು ನಯವಾದ ವಕ್ರರೇಖೆ ಬಂತು, ಮೀಟಿಂಗ್‌ನಲ್ಲಿ ಯಾರೂ ಏನೂ ಕೇಳಲಿಲ್ಲ. ಅಷ್ಟು ನಯವಾಗಿ ಇದ್ದಿದ್ದಕ್ಕೇ ಕೇಳಲಿಲ್ಲ ಅಂತ ಈಗ ಅನ್ನಿಸುತ್ತೆ.

ಅಣ್ಣನಿಗೆ ಫೋನ್ ಮಾಡಿದೆ. ಖಾಲಿ ಯಾವ ಹೊತ್ತಿನಲ್ಲಿ ಇತ್ತು ಅಂತ ಕೇಳಿದರು. ನೆನಪಿದ್ದ ಮಟ್ಟಿಗೆ ಮಧ್ಯಾಹ್ನವೇ ಹೆಚ್ಚು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಶೆಡ್ಡಲ್ಲಿ ಪ್ಲಗ್ ಪಾಯಿಂಟ್ ಎಷ್ಟಿತ್ತು?"

"ಗೊತ್ತಿಲ್ಲ ಅಣ್ಣ. ನಾನು ಶೆಡ್ಡೇ ನೋಡಿಲ್ಲ."

"ಒಂದೇ ಇದ್ರೆ ಎಂತ ಮಾಡ್ತಾರೆ ಹೇಳಿ. ಸೆಕೆ ತಡೀಲಿಕ್ಕೆ ಆಗದಾಗ ನಿಮ್ಮ ಸೆನ್ಸರ್ ಕಿತ್ತು ಫ್ಯಾನ್ ಹಾಕ್ತಾರೆ. ಕೆಲ್ಸಕ್ಕೆ ಹೋಗುವಾಗ ಪುನಃ ಸಿಕ್ಕಿಸ್ತಾರೆ, ಬೈಗುಳ ಬೇಡ ಅಂತ. ನಾನಾದ್ರೂ ಅದೇ ಮಾಡ್ತಿದ್ದೆ."

ಹಾಗೇ ಆಗಿತ್ತು ಅಂತ ನನ್ನ ಹತ್ತಿರ ಸಾಕ್ಷಿ ಇಲ್ಲ. ವೈರ್ ಸಡಿಲ ಇದ್ದಿರಬಹುದು, ಜನರೇಟರ್ ನಿಲ್ಲಿಸಿರಬಹುದು. ಆದರೆ ಅಣ್ಣ ಹೇಳಿದ್ದು ಅರ್ಧ ನಿಜವಾದರೂ ಲೆಕ್ಕ ಹೀಗಾಗುತ್ತೆ: ಯಾವ ಹೊತ್ತು ತಡೆಯೋಕಾಗದಷ್ಟು ಬಿಸಿ ಇತ್ತೋ ಸರಿಯಾಗಿ ಆ ಹೊತ್ತಿನ ಸಂಖ್ಯೆಗಳೇ ಇರಲಿಲ್ಲ. ಆ ಜಾಗದಲ್ಲಿ ನಾನು, ಎಸಿ ರೂಮಿನಲ್ಲಿ ಕೂತು, ಬೆಳಗ್ಗೆಯ ತಾಪಮಾನಕ್ಕೂ ಸಂಜೆಯ ತಾಪಮಾನಕ್ಕೂ ನಡುವೆ ಗೆರೆ ಎಳೆದೆ. ಮಧ್ಯಾಹ್ನದ ಗುಡ್ಡವನ್ನ ಕಡಿದು ಸಮತಟ್ಟು ಮಾಡಿದೆ. ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ಕಾಣೆಯಾದ ಡೇಟಾ ಯಾಕೆ ಕಾಣೆಯಾಯ್ತು ಅನ್ನೋದನ್ನ ಬಿಟ್ಟು ಲೆಕ್ಕ ಮಾಡಬಾರದು ಅಂತ ಡೊನಾಲ್ಡ್ ರೂಬಿನ್ 1976ರಲ್ಲೇ ಬರೆದದ್ದನ್ನ ನಾನು ಮಾಸ್ಟರ್ಸ್‌ನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಒಳ್ಳೆ ಮಾರ್ಕ್ಸೂ ಬಂದಿತ್ತು.

ಹಾಗಾದರೆ ಅರ್ಥವಾಗದ ಮಾತನ್ನ ಎಸೆಯೋ ಹಕ್ಕು ಕೇಳುವವನಿಗೆ ಇದೆಯಾ? ನನಗೆ ಈ ಪ್ರಶ್ನೆ ಬಿಡಿಸೋಕೆ ನೆರವಾದದ್ದು, ಆಶ್ಚರ್ಯ ಅಂದರೆ, ನಮ್ಮ ನ್ಯಾಯಶಾಸ್ತ್ರದವರು. ಅನ್ನಂಭಟ್ಟನ 'ತರ್ಕಸಂಗ್ರಹ' ಹದಿನೇಳನೇ ಶತಮಾನದ ಪಠ್ಯಪುಸ್ತಕ, ಹೊಸಬರಿಗಂತಲೇ ಬರೆದದ್ದು. ಒಂದು ವಾಕ್ಯ ಅರ್ಥ ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಬೇಕು ಅನ್ನುತ್ತೆ. ಸನ್ನಿಧಿ ಅಂದರೆ ಪದಗಳು ಕಾಲದಲ್ಲಿ ಹತ್ತಿರ ಇರಬೇಕು. 'ಹಸುವನ್ನು' ಅಂತ ಈಗ ಹೇಳಿ 'ಕರೆದು ತಾ' ಅಂತ ಒಂದು ಜಾವ ಬಿಟ್ಟು ಹೇಳಿದರೆ ಅದು ವಾಕ್ಯ ಆಗಲ್ಲ. ಓದಿದಾಗ ನನಗೆ ಬಾಡ್ ರೇಟ್ ನೆನಪಾಗಿ ನಗು ಬಂತು. ಯೋಗ್ಯತೆ ಅಂದರೆ ಹೇಳಿದ್ದು ಆಗೋ ಹಾಗಿರಬೇಕು. 'ಬೆಂಕಿಯಿಂದ ನೀರು ಹಾಯಿಸು' ಅನ್ನೋದಕ್ಕೆ ಯೋಗ್ಯತೆ ಇಲ್ಲ. ನನ್ನ '60ಕ್ಕಿಂತ ಮೇಲಿನದನ್ನ ತೆಗೆ' ಅನ್ನೋ ಸಾಲು ಅದೇ ಯೋಗ್ಯತೆಯ ಪರೀಕ್ಷೆ. ಶಾಸ್ತ್ರದ ಪ್ರಕಾರ ನಾನು ಸರಿ!

ಆದರೆ ನೈಯಾಯಿಕರು ಇನ್ನೊಂದು ಮಾತನ್ನೂ ಚರ್ಚಿಸ್ತಾರೆ, ತಾತ್ಪರ್ಯ. ಅವರ ಹಳೆಯ ಉದಾಹರಣೆ 'ಸೈಂಧವ ತಾ'. ಸೈಂಧವ ಅಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕೂತವನು ಕೇಳಿದರೆ ಉಪ್ಪು ಕೊಡಬೇಕು, ಹೊರಟು ನಿಂತವನು ಕೇಳಿದರೆ ಕುದುರೆ. ಯಾವುದು ಅಂತ ತಿಳಿಯೋಕೆ ಹೇಳುವವನು ಎಲ್ಲಿ, ಯಾವ ಸ್ಥಿತಿಯಲ್ಲಿ ಇದ್ದಾನೆ ಅಂತ ನೋಡಬೇಕು. 85 ಅನ್ನೋದು ಶೆಡ್ಡಿನ ತಾಪಮಾನವಾಗಿ ಅಸಾಧ್ಯ, ಒಪ್ಪಿದೆ. ಆದರೆ ತಾಪಮಾನವಾಗಿ ಅದನ್ನ ತಿರಸ್ಕರಿಸೋದು ಒಂದು, ಮಾತಾಗಿಯೇ ಅದನ್ನ ತಿರಸ್ಕರಿಸೋದು ಇನ್ನೊಂದು. ನಾನು ಮೊದಲನೆಯದನ್ನ ಮಾಡೋ ಹೆಸರಲ್ಲಿ ಎರಡನೆಯದನ್ನ ಮಾಡಿದೆ. ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ, ಒಬ್ಬರ ಮಾತಿಗೆ ಅವರು ಯಾರು ಅನ್ನೋ ಕಾರಣಕ್ಕೆ ಕಡಿಮೆ ಬೆಲೆ ಕೊಡೋದೂ ಒಂದು ಅನ್ಯಾಯ ಅಂತಾರೆ. ನಾನು ಯಾವ ಕೆಲಸಗಾರನ ಮಾತನ್ನೂ ಅಲ್ಲಗಳೆದಿರಲಿಲ್ಲ. ಅವರ ಮಾತು ನನ್ನ ತನಕ ಬರಬಹುದಾಗಿದ್ದ ಒಂದೇ ರೂಪ ಆ ಖಾಲಿ ಮತ್ತು ಆ 85. ಅದು ಮಾತು ಅಂತಲೇ ನನಗೆ ಹೊಳೆಯಲಿಲ್ಲ.

ಇಲ್ಲಿ ಆ 'ಕೆ'ಯನ್ನ ನೆನಪಿಸಿಕೊಳ್ಳಿ. ಎಲ್ಲ ಗದ್ದಲದಲ್ಲೂ ಅರ್ಥ ಇದೆ ಅಂತ ನಾನು ಹೇಳಿದರೆ ಅದೂ ಸುಳ್ಳು. ಗ್ರೌಂಡ್ ಇಲ್ಲದ ತಂತಿಯಲ್ಲಿ ಬಂದ ಆ ಅಕ್ಷರವನ್ನ ಯಾರೂ ಹೇಳಿರಲಿಲ್ಲ. ಕೇಳಲೇಬೇಕು ಅನ್ನೋ ಆಸೆ ಹೆಚ್ಚಾದವನಿಗೆ ದೆವ್ವಗಳೂ ಮಾತಾಡ್ತವೆ; ವಾಟ್ಸಾಪ್‌ನಲ್ಲಿ ದಿನಾ ನೋಡ್ತೀವಲ್ಲ. ಕಸ ಅನ್ನೋದು ಇದೆ. ಅದನ್ನ ಎಸೆಯದೆ ಯಾವ ಲೆಕ್ಕವೂ ಮುಂದೆ ಹೋಗಲ್ಲ. ನನ್ನ ತಕರಾರು ಕ್ರಮದ ಬಗ್ಗೆ. ನೆಲ ಒಂದೇ ಇದೆಯಾ, ನನ್ನ ವೇಗ ಸರಿ ಇದೆಯಾ, ನಾನು ಬರೆದುಕೊಂಡ ನಂಬಿಕೆ ಚಿಪ್‌ನ ನಿಜದ ಜೊತೆ ಹೊಂದುತ್ತಾ ಅಂತ ನನ್ನ ಕಡೆಯದನ್ನ ನೋಡಿ ಮುಗಿಸಿದ ಮೇಲೆ ಆ ಪದ ಬಾಯಿಗೆ ಬರಬೇಕಿತ್ತು. ನನಗೆ ಅದು ಮೊದಲ ರಾತ್ರಿಯೇ ಬಂತು. ಎರಡು ಚಿಪ್ ಮತ್ತು ಒಬ್ಬ ಅಂಗಡಿಯವನನ್ನ ಅಪರಾಧಿ ಮಾಡಿದ ಮೇಲೂ ನನ್ನ ಕೋಡಿನ ಮೊದಲ ಸಾಲಿನ ಮೇಲೆ ಸಂಶಯ ಬರಲಿಲ್ಲ.

ಓಝೋನ್ ರಂಧ್ರದ ಕತೆ ನೀವು ಕೇಳಿರಬಹುದು. ಅಂಟಾರ್ಕ್ಟಿಕದ ಮೇಲೆ ಓಝೋನ್ ವಿಪರೀತ ಕಡಿಮೆಯಾಗ್ತಿದೆ ಅಂತ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಅನ್ನೋ ಮೂವರು ಬ್ರಿಟಿಷ್ ವಿಜ್ಞಾನಿಗಳು 1985ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು, ನೆಲದ ಮೇಲಿನ ಉಪಕರಣದ ಆಧಾರದಿಂದ. ಅದೇ ಹೊತ್ತಿಗೆ ನಾಸಾದ ಉಪಗ್ರಹ ಮೇಲಿನಿಂದ ಅದನ್ನೇ ಅಳೀತಿತ್ತು. ನಾಸಾದ ಪ್ರೋಗ್ರಾಂ ಕಡಿಮೆ ಸಂಖ್ಯೆಗಳನ್ನ ತಪ್ಪು ಅಂತ ಎಸೆದುಬಿಟ್ಟಿತ್ತು ಅಂತ ನಮ್ಮ ವೃತ್ತಿಯವರು ಒಬ್ಬರಿಗೊಬ್ಬರು ನೀತಿಕತೆ ಹೇಳಿಕೊಳ್ತಾರೆ, ನಾನೂ ಹೇಳಿದ್ದೀನಿ. ನಿಜದಲ್ಲಿ ಅದು ಎಸೆದಿರಲಿಲ್ಲ. 180 ಡಾಬ್ಸನ್ ಯೂನಿಟ್‌ಗಿಂತ ಕೆಳಗಿನದಕ್ಕೆ ಗುರುತು ಹಾಕಿ ಬದಿಗಿಟ್ಟಿತ್ತು. ಬದಿಗಿಟ್ಟಿದ್ದರಿಂದಲೇ ಅಲ್ಲಿನ ವಿಜ್ಞಾನಿಗಳು ಮತ್ತೆ ಹೋಗಿ ನೋಡೋಕಾಯ್ತು, ರಂಧ್ರದ ವಿಸ್ತಾರ ಎಷ್ಟು ಅಂತ ನಕ್ಷೆಯಲ್ಲಿ ತೋರಿಸೋಕಾಯ್ತು. ಎಸೆಯೋದಕ್ಕೂ ಗುರುತು ಹಾಕಿ ಇಡೋದಕ್ಕೂ ಕೋಡಿನಲ್ಲಿ ಒಂದು ಸಾಲಿನ ವ್ಯತ್ಯಾಸ. ನಾನು ಆ ಒಂದು ಸಾಲನ್ನ ಬರೆಯಲಿಲ್ಲ.

ಹಳೆಯ ಸಹೋದ್ಯೋಗಿಗೆ ಬರೆದೆ, ಆ ಮೂಲ ಫೈಲ್ ಇನ್ನೂ ಇದೆಯಾ ಅಂತ. ಉತ್ತರ ಬಂತು: ಮೂಲ ಇಲ್ಲ, ಜಾಗ ಸಾಲದೆ ಅಳಿಸಿದ್ದಾರೆ, ನೀನು ಕ್ಲೀನ್ ಮಾಡಿದ್ದು ಮಾತ್ರ ಇದೆ. ಅದು ಓದಿ ಒಂದು ದಿನ ಏನೂ ತೋಚಲಿಲ್ಲ. ಮಾರನೇ ದಿನ ಹೊಳೀತು. ನಿಜವಾದ ತಾಪಮಾನ ಯಾವತ್ತೂ ಎರಡು ಗಂಟೆ ಒಂದೇ ಸಮ ಏರಲ್ಲ, ಇಳಿಯಲ್ಲ. ಗಾಳಿ ಬೀಸುತ್ತೆ, ಬಾಗಿಲು ತೆಗೀತಾರೆ, ಸಂಖ್ಯೆ ಅಲುಗಾಡುತ್ತೆ. ನಾನು ಎಳೆದ ಗೆರೆ ಮಾತ್ರ ಹತ್ತು ನಿಮಿಷಕ್ಕೆ ಕರಾರುವಾಕ್ಕಾಗಿ ಅಷ್ಟಷ್ಟೇ ಸರಿಯುತ್ತೆ. ಹಾಗಾಗಿ ನಾನು ಎಲ್ಲೆಲ್ಲಿ ತುಂಬಿಸಿದೆ ಅಂತ ಆ ಫೈಲ್‌ನಿಂದಲೇ ಹುಡುಕಬಹುದು. ತಾಪಮಾನ ಎಷ್ಟಿತ್ತು ಅಂತ ಸಿಗಲ್ಲ, ಯಾವ ಶೆಡ್ಡಿನಲ್ಲಿ ಯಾವ ಹೊತ್ತಿನಲ್ಲಿ ಅಳತೆ ಇರಲಿಲ್ಲ ಅಂತ ಸಿಗುತ್ತೆ. ಅದಕ್ಕೆ ಬೇಕಾದ ಪುಟ್ಟ ಕೋಡನ್ನೂ, ನಾನು ಏನು ಮಾಡಿದ್ದೆ ಅನ್ನೋದನ್ನೂ ವಿವರವಾಗಿ ಬರೆದು, ಅಲ್ಲಿನ ಮೇಲಿನವರಿಗೂ ಸೇರಿಸಿ ಕಳಿಸಿದ್ದೀನಿ. 'ನೋಡ್ತೀನಿ' ಅಂತ ಸಹೋದ್ಯೋಗಿ ಉತ್ತರಿಸಿದ್ದಾನೆ. ಮೇಲಿನವರಿಂದ ಏನೂ ಬಂದಿಲ್ಲ.

ಬಾಲ್ಕನಿಯ ಚಿಪ್ ಈಗ ಹತ್ತು ನಿಮಿಷಕ್ಕೊಂದು ಸಾಲು ಕಳಿಸ್ತಾ ಇದೆ. ಫೈಲ್‌ನಲ್ಲಿ ಎರಡು ಕಾಲಂ ಮಾಡಿದ್ದೀನಿ, ಒಂದರಲ್ಲಿ ಅದು ಹೇಳಿದ್ದು ಹೇಳಿದ ಹಾಗೆ, ಇನ್ನೊಂದರಲ್ಲಿ ನಾನು ಅದರಿಂದ ತಿಳಿದುಕೊಂಡದ್ದು. ನಿನ್ನೆ ಮಧ್ಯಾಹ್ನ 2.10ಕ್ಕೆ ಮೊದಲ ಕಾಲಂನಲ್ಲಿ 85.00 ಬಂದಿದೆ. ಎದ್ದು ಹೋಗಿ ನೋಡಿದೆ. ಬಾಲ್ಕನಿಯ ಪ್ಲಗ್ ಪಾಯಿಂಟ್‌ನಲ್ಲಿ ಹೆಂಡತಿ ವ್ಯಾಕ್ಯೂಮ್ ಕ್ಲೀನರ್ ಹಾಕಿ, ತೆಗೆದು, ನನ್ನದನ್ನ ವಾಪಸ್ ಸಿಕ್ಕಿಸಿದ್ದಳು.